ಹತ್ತಿ ಗೋದಾಮಿನಲ್ಲಿ ಬಿಚ್ಚಿದ ಡಬ್ಬಿ

ಸಿನಿಮಾ ಫಿಲ್ಮಿನ ಡಬ್ಬಿಯನ್ನು ಹತ್ತಿ ಗೋದಾಮಿನೊಳಗೆ ಬಿಚ್ಚಿ, ಒಳಗಿನ ಮಾಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ, ಬೆಳಕಿಗೆ ಹಿಡಿದು ದರ್ಜೆ ನೋಡಿದ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಇನ್ನೊಬ್ಬನಿದ್ದರೆ ಅವನೂ ದಾವಣಗೆರೆಯವನೇ. ಇದಾಗಿ ಎಂಟು ತಿಂಗಳಾಯಿತು. ಈಗಲೂ ಯಾರಾದರೂ ನನ್ನೆದುರು ತಗಡಿನ ಡಬ್ಬಿಯ ಮುಚ್ಚಳ ತೆಗೆದರೆ, ಅದು ಚಕ್ಕುಲಿ ಡಬ್ಬಿಯೇ ಆದರೂ, ನನ್ನ ಕಿವಿ ಬಿಸಿಯಾಗುತ್ತದೆ.

ನಗಿಸುವುದು ನನಗಂಟಿದ ರೋಗ. ಈ ಸಂಗತಿಯನ್ನು ಊರಲ್ಲಿ ಹತ್ತು ಕಡೆ ಹತ್ತು ಥರ ಹೇಳಿ ನಗಿಸಿದ್ದೇನೆ. ಒಂದು ಥರದಲ್ಲಿ ಫಿಲ್ಮು ಗೋದಾಮಿನಿಂದ ಹೊರಬಿದ್ದು ಮಂಡಿಪೇಟೆಯವರೆಗೂ ಉರುಳಿಕೊಂಡು ಹೋಗುತ್ತದೆ, ಹಿಂದೆ ನಾನು, ನನ್ನ ಹಿಂದೆ ಎರಡು ಎಮ್ಮೆ. ಎಮ್ಮೆಗಳು ಸುಳ್ಳು. ಇಲ್ಲಿ ಆದದ್ದನ್ನು ಆದಂತೆ ಬರೆಯುತ್ತಿದ್ದೇನೆ, ಏಕೆಂದರೆ ಜನ ನಕ್ಕ ಮೇಲೆ ನಾನು ಬಿಟ್ಟುಬಿಡುತ್ತಿದ್ದ ಭಾಗವೊಂದಿದೆ.

ಮದ್ರಾಸಿನಿಂದ ಒಂದು ಸಿನಿಮಾ ತಂಡ ಹರಿಹರದ ಹೊಳೆ ದಂಡೆಯಲ್ಲಿ ಚಿತ್ರೀಕರಣಕ್ಕೆ ಬಂದಿತ್ತು. ಅವರು ಉಳಿದದ್ದು ದಾವಣಗೆರೆಯ ಲಾಡ್ಜೊಂದರಲ್ಲಿ. ಬೆಳಿಗ್ಗೆ ವ್ಯಾನಿನಲ್ಲಿ ಹರಿಹರಕ್ಕೆ, ಸಂಜೆ ವಾಪಸ್ಸು. ನನ್ನ ಸೋದರಮಾವನದು ಹತ್ತಿ ದಲಾಲಿ ಅಂಗಡಿ. ತಂಡದ ಊಟ, ಗಾಡಿ, ಸಾಮಾನು ಎಲ್ಲದರ ಹೊಣೆ ಹೊತ್ತ ಪ್ರೊಡಕ್ಷನ್ ಮ್ಯಾನೇಜರ್ ಒಂದು ದಿನ ಬಿದಿರು, ಹುಲ್ಲು, ಎತ್ತಿನ ಗಾಡಿ ಎಲ್ಲಿ ಸಿಗುತ್ತವೆ ಎಂದು ಕೇಳಿಕೊಂಡು ಅಂಗಡಿಗೆ ಬಂದರು. ಮಾವ ಅವೆಲ್ಲದರ ಜೊತೆಗೆ ನನ್ನನ್ನೂ ಕೊಟ್ಟುಬಿಟ್ಟ.

"ಇವನ್ನೂ ಕರ್ಕಂಡು ಹೋಗ್ರಿ. ಇಪ್ಪತ್ತೆರಡಾತು ವಯಸ್ಸು. ಇಲ್ಲಿ ಕುಂತು ಹಮಾಲರನ್ನ ನಗಿಸ್ತಾನೆ. ನಗೋ ಹಮಾಲ ಅಂಡಿಗೆ ಎತ್ತಂಗಿಲ್ಲ ನೋಡ್ರಿ."

ಅಂಡಿಗೆ ಎಂದರೆ ಹತ್ತಿ ತುಂಬಿದ ದೊಡ್ಡ ಚೀಲ. ಹೀಗೆ ಅಂಡಿಗೆಗಳ ನಡುವಿನಿಂದ ನಾನು ನೇರವಾಗಿ ಕಲಾಲೋಕಕ್ಕೆ ಬಿದ್ದೆ.

ನನ್ನನ್ನು ಸಹಾಯಕ ಛಾಯಾಗ್ರಾಹಕರ ಕೈಕೆಳಗೆ ಹಾಕಿದರು. ಮೈಸೂರು ಕಡೆಯವರು, ಸಣಕಲು ಮನುಷ್ಯ, ಮೆಲುಮಾತು. ಕ್ಯಾಮೆರಾಕ್ಕೆ ಫಿಲ್ಮು ತುಂಬುವುದು, ಓಡಿದ ಫಿಲ್ಮು ತೆಗೆದು ಡಬ್ಬಿಗೆ ಹಾಕುವುದು, ನಟರಿಂದ ಕ್ಯಾಮೆರಾಕ್ಕೆ ಟೇಪು ಹಿಡಿದು ದೂರ ಅಳೆಯುವುದು ಅವರ ಕೆಲಸ. ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದರು. ಮುಂದಿನ ಚಿತ್ರದಲ್ಲಿ ಕ್ಯಾಮೆರಾವನ್ನೇ ಅವರ ಕೈಗೆ ಕೊಡುತ್ತೇನೆಂದು ಹಿರಿಯ ಛಾಯಾಗ್ರಾಹಕರು ಮಾತು ಕೊಟ್ಟಿದ್ದರು. ಇದು ಇಡೀ ತಂಡಕ್ಕೆ ಗೊತ್ತಿತ್ತು. ಅಡುಗೆಯವನು ಕೂಡ ಅವರಿಗೆ ಉಪ್ಪಿಟ್ಟು ಬಡಿಸುವಾಗ "ಕ್ಯಾಮೆರಾಮನ್ ಸಾರ್" ಎನ್ನುತ್ತಿದ್ದ. ಅವರು "ಇನ್ನೂ ಇಲ್ಲಪ್ಪ" ಎಂದು ನಾಚುತ್ತಿದ್ದರು.

ಮೊದಲ ದಿನ ಮರಳಿನ ಮೇಲೆ ಪೆಟ್ಟಿಗೆ ಇಳಿಸುತ್ತಲೇ ನನಗೆ ಪಾಠ ಹೇಳಿದರು.

"ಸೈಲೆನ್ಸ್ ಅಂದ ಮೇಲೆ ಕೆಮ್ಮೂ ಇರಬಾರದು. ನಟರು ನೋಡೋ ದಿಕ್ಕಲ್ಲಿ ನಿಲ್ಲಬೇಡ, ಅವರ ಕಣ್ಣು ನಿನ್ನ ಮೇಲೆ ಬಂದ್ಬಿಡುತ್ತೆ. ಪೆಟ್ಟಿಗೆ ಮೇಲೆ ಕೂರಬೇಡ. ನಿನ್ನದಲ್ಲದ್ದನ್ನ ಮುಟ್ಟಬೇಡ. ಇಷ್ಟೂ ಮರೆತ್ರೂ ಒಂದು ಮರೀಬೇಡ. ಏನಾದ್ರೂ ಎಡವಟ್ಟಾಗಿದ್ರೆ ಕ್ಯಾಮೆರಾ ಓಡೋಕೆ ಮುಂಚೆ ಹೇಳ್ಬಿಡು. ಬೈಸಿಕೊಂಡ್ರೆ ನೀನೊಬ್ಬ ಬೈಸಿಕೋತೀಯ. ಓಡಿದ ಮೇಲೆ ಹೇಳಿದ್ರೆ ಎಲ್ಲರ ಕೆಲಸಾನೂ ಹೋಗುತ್ತೆ."

"ಇಷ್ಟೇ ಏನ್ರಿ ಸಾರ್? ನಮ್ ಮಾವನ ಅಂಗಡಿಯಾಗ ಇದಕ್ಕಿಂತ ಜಾಸ್ತಿ ಕಾನೂನು ಅದಾವೆ."

"ಅಲ್ಲಿ ಎಷ್ಟು ಪಾಲಿಸ್ತಿದ್ದೆ?"

"ಅದಕ್ಕೇ ಅಲ್ರಿ ಇಲ್ಲಿಗೆ ಕಳ್ಸಿದ್ದು!"

ಅವರು ನಕ್ಕರು. ಅವರನ್ನು ನಗಿಸಿದೆನೆಂದು ನಾನು ಉಬ್ಬಿದೆ. ಪಾಠ ಅಲ್ಲಿಗೇ ಹೊಳೆ ಸೇರಿತು.

ಮೊದಲ ವಾರದಲ್ಲಿ ನಾನು ಮುರಿಯದ ನಿಯಮವಿಲ್ಲ. ನಿರ್ದೇಶಕರು "ಸೈಲೆನ್ಸ್" ಎಂದು ಕೂಗಿ, ಕ್ಯಾಮೆರಾ ಓಡಲು ಶುರುವಾದ ಮೇಲೆ, ದಂಡೆಯ ಜನ ಗುಸುಗುಸು ಎಂದರೆಂದು "ಏ, ಸುಮ್ಕಿರ್ರಲೇ!" ಎಂದು ಸಹಾಯ ಮಾಡಿದೆ. ಹೊಳೆಯಾಚೆ ಮೇಯುತ್ತಿದ್ದ ಕುರಿಗಳೂ ತಲೆಯೆತ್ತಿದವು. ಬಿಸಿಲನ್ನು ನಟಿಯ ಮುಖಕ್ಕೆ ತಿರುಗಿಸಲು ಬೆಳ್ಳಿ ಕಾಗದ ಅಂಟಿಸಿದ ಹಲಗೆಯೊಂದನ್ನು ನಿಲ್ಲಿಸಿದ್ದರು. ನಾನು ಅದರ ಮುಂದೆ ನಿಂತು ತಲೆ ಬಾಚಿಕೊಂಡೆ. ನಾಯಕಿ ಕಣ್ಣೀರಿಡುವ ಹೊತ್ತಿಗೆ ಅವರ ಕೆನ್ನೆಯ ಮೇಲೆ ನನ್ನ ಬಾಚಣಿಗೆಯ ನೆರಳು ಮೇಲೆ ಕೆಳಗೆ ಆಡುತ್ತಿತ್ತು. ತಂಡದವರು ಬೈದರು, ನಕ್ಕರು, ನನಗೆ "ದಾವಣಗೆರೆ" ಎಂದು ಹೆಸರಿಟ್ಟರು. ಬೈಗುಳದಲ್ಲಿ ಅರ್ಧ ನಗೆ ಬೆರೆತಿದ್ದರೆ ಅದು ನನಗೆ ಹೊಗಳಿಕೆಯಂತೆಯೇ ಕೇಳಿಸುತ್ತಿತ್ತು.

ಸಹಾಯಕರ ಕೆಲಸ ನೋಡುವಾಗ ಮಾತ್ರ ನಾನು ಸುಮ್ಮನಿರುತ್ತಿದ್ದೆ. ಕ್ಯಾಮೆರಾದ ಬೆನ್ನ ಮೇಲೆ ಕೂರುವ ಫಿಲ್ಮಿನ ಪೆಟ್ಟಿಗೆಗೆ ಮ್ಯಾಗಜೀನು ಎನ್ನುತ್ತಾರೆ. ಅದರಲ್ಲಿ ನಾನೂರು ಅಡಿ ಫಿಲ್ಮು. ನಾಲ್ಕು ನಿಮಿಷ ಚಿಲ್ಲರೆ ಓಡಿದರೆ ಖಾಲಿ. ತುಂಬಲು ಎರಡು ತೋಳಿರುವ ಒಂದು ಕಪ್ಪು ಚೀಲ, ಅಂಗಿಯನ್ನು ತಿರುವುಮುರುವಾಗಿ ಹೊಲಿದ ಹಾಗೆ. ಮ್ಯಾಗಜೀನು, ಡಬ್ಬಿ ಎರಡನ್ನೂ ಚೀಲದೊಳಗೆ ಇಟ್ಟು, ಮೊಣಕೈವರೆಗೆ ಕೈ ತೂರಿಸಿ, ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಳಗೆ ಬೆರಳುಗಳು ಓಡಾಡುವುದು ಬಟ್ಟೆಯ ಮೇಲೆ ಕಾಣುತ್ತಿತ್ತು. ಕೊನೆಗೆ ಮ್ಯಾಗಜೀನಿನ ಬಾಗಿಲು ಮುಚ್ಚಿ, ಅದರ ಅಂಚನ್ನು ಹೆಬ್ಬೆರಳಿನಿಂದ ಒಂದು ಸಲ ಸವರಿ, ಕೈ ಹೊರಗೆ ತೆಗೆಯುತ್ತಿದ್ದರು.

"ಇನ್ನೊಂದ್ಸಲ ನೋಡ್ಬಾರ್ದಾ ಸಾರ್?" ಎಂದು ಕೇಳಿದ್ದೆ.

"ಯಾಕೆ? ಮುಚ್ಚಿದೆ ಅಂತ ಕೈ ಹೇಳ್ತಲ್ಲ."

ಎರಡನೇ ವಾರ ಗುಡಿಸಲಿನ ದೃಶ್ಯ ಬಂತು. ಕಥೆಯಲ್ಲಿ ಅಂಬಿಗನೊಬ್ಬನ ಗುಡಿಸಲು ಸುಟ್ಟುಹೋಗುತ್ತದೆ. ಅದಕ್ಕಾಗಿ ನಂದಿಗುಡಿಯಿಂದ ಎರಡು ಗಾಡಿ ಭತ್ತದ ಹುಲ್ಲು ತರಿಸಿ, ಅಲ್ಲಿಯ ಒಬ್ಬ ಮುದುಕ ಮತ್ತು ಅವನ ಇಬ್ಬರು ಮಕ್ಕಳು ಎಂಟು ದಿನ ಕೂತು ಮರಳಿನ ಮೇಲೆ ಗುಡಿಸಲು ಕಟ್ಟಿದ್ದರು. ಹೊತ್ತು ಮುಳುಗಿದ ಮೇಲೆ ಆಕಾಶದಲ್ಲಿ ಸ್ವಲ್ಪ ಬೆಳಕು ಉಳಿದಿರುತ್ತದಲ್ಲ, ಆ ಹತ್ತು ನಿಮಿಷದಲ್ಲೇ ಬೆಂಕಿ ಹಚ್ಚಬೇಕು. ಮೊದಲೇ ಹಚ್ಚಿದರೆ ಉರಿ ಮಂಕು, ತಡವಾದರೆ ಹಿಂದಿನ ಹೊಳೆ ಕಾಣದು. ಎರಡನೇ ಸಲ ಎಂಬುದಿಲ್ಲ. ಮೂರು ಸಂಜೆ ಬರೀ ಅಭ್ಯಾಸ ಮಾಡಿದೆವು, ಬೆಂಕಿಯ ಬದಲು ಒಬ್ಬ ಕೆಂಪು ಟವೆಲು ಬೀಸುತ್ತಿದ್ದ.

ಆ ಸಂಜೆ ಕ್ಲಾಪಿನವನನ್ನು ನೀರಿನ ಕೊಡಗಳ ಹತ್ತಿರ ನಿಲ್ಲಿಸಿದ್ದರಿಂದ ಕ್ಲಾಪ್ ಹಲಗೆ ನನ್ನ ಕೈಗೆ ಬಂತು. ಕ್ಯಾಮೆರಾದ ಮುಂದೆ ಹಿಡಿದು, ನಂಬರು ಹೇಳಿ, ಟಪ್ಪೆಂದು ಬಡಿದು ಓಡಬೇಕು. ನಾನು ಬಡಿದೆ, ಹಲ್ಲು ಬಿಟ್ಟೆ, ಆಮೇಲೆ ಓಡಿದೆ. ಗುಡಿಸಲು ಉರಿಯಿತು. ಚಾವಣಿ ಒಳಕ್ಕೆ ಕುಸಿದಾಗ ಕಿಡಿಗಳು ಹೊಳೆಯ ಮೇಲೆ ಬಿದ್ದವು. ನಿರ್ದೇಶಕರು "ಕಟ್" ಎಂದಾಗ ಅಷ್ಟೂ ಜನ ಚಪ್ಪಾಳೆ ತಟ್ಟಿದರು. ನಂದಿಗುಡಿಯ ಮುದುಕ ಮಾತ್ರ ಟವೆಲು ಕೊಡವಿ, "ಎಂಟು ದಿನದ ಕೆಲ್ಸ, ಬೀಡಿ ಸೇದೋದ್ರಾಗ ಹೋತು" ಎಂದ.

ಸಹಾಯಕರು ಫಿಲ್ಮನ್ನು ಚೀಲದೊಳಗೇ ಕಪ್ಪು ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಸುತ್ತಲೂ ಪಟ್ಟಿ ಅಂಟಿಸಿದರು. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ದೃಶ್ಯದ ನಂಬರು ಬರೆದು, ಕತ್ತಲೆ ಕೋಣೆಯಲ್ಲಿ ಮಾತ್ರ ತೆಗೆಯುವುದು ಎಂದು ಕೆಂಪು ಶಾಯಿಯಲ್ಲಿ ಬರೆದರು. ಮರುದಿನ ಬೆಳಿಗ್ಗೆ ಆ ಡಬ್ಬಿಯನ್ನು ನನ್ನ ಕೈಗಿಟ್ಟು, "ಹತ್ತೂವರೆಗೆ ದಾವಣಗೆರೆ ಸ್ಟೇಷನ್ನಿನಲ್ಲಿ ಮ್ಯಾನೇಜರು ಇರ್ತಾರೆ. ಅವರ ಕೈಗೇ ಕೊಡು. ಮದ್ರಾಸಿಗೆ ಅವರು ಬುಕ್ ಮಾಡ್ತಾರೆ" ಎಂದರು. ಉಳಿದವರೆಲ್ಲ ಹರಿಹರಕ್ಕೆ ಹೋದರು.

ಲಾಡ್ಜಿನಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಮಾವನ ಅಂಗಡಿ. ಸಿನಿಮಾದವನಾದ ಮೇಲೆ ಅದರ ಮುಂದೆ ಸುಮ್ಮನೆ ಹಾದುಹೋಗಲು ನನಗೆ ಕಾಲು ಬರಲಿಲ್ಲ.

"ಏನ್ರಿ ಸಣ್ಣ ಸಾವ್ಕಾರ್ರೆ, ಬೆಣ್ಣೆ ಡಬ್ಬಿ ಏನ್ರಿ ಅದು?" ಹಮಾಲರ ಮುಖಂಡ ಕೇಳಿದ.

"ಬೆಣ್ಣೆ ಅಲ್ಲಲೇ. ಇದ್ರಾಗ ಒಂದು ಗುಡಿಸ್ಲು ಐತೆ, ಬೆಂಕಿ ಐತೆ, ಹೊಳಿ ಐತೆ. ನಾನೂ ಅದೀನಿ."

"ನೀವೂ ಅದೀರಾ! ಹಂಗಾರೆ ಡಬ್ಬಿ ಭಾರ ಐತೆ ಬಿಡ್ರಿ."

ಮಾವ ಗಾದಿಯ ಮೇಲಿಂದಲೇ ಕೇಳಿದ: "ಎಲ್ಲಿಗೆ ಮಾಲು?"

"ಮದ್ರಾಸಿಗೆ ಮಾವಾ. ರೈಲಿಗೆ."

"ನೋಡ್ದೇನು?"

"ಏನ್ ನೋಡೋದು?"

"ಮಾಲು ನೋಡ್ದಂಗೆ ರೈಲಿಗೆ ಹಾಕ್ತಾರೇನಲೇ? ಅಲ್ಲಿ ಹೋಗಿ ಕೆಟ್ಟೈತಿ ಅಂದ್ರೆ ಯಾರನ್ನ ಕೇಳ್ತಿ?"

ನಮ್ಮ ಬಜಾರಿನಲ್ಲಿ ಇದು ಉಸಿರಾಟದಷ್ಟು ಸಹಜ. ಅಂಡಿಗೆಯ ಪಕ್ಕ ಸೀಳಿ ಒಂದು ಹಿಡಿ ಹತ್ತಿ ಎಳೆದು, ಎರಡು ಹೆಬ್ಬೆರಳ ನಡುವೆ ಹಿಗ್ಗಿಸಿ, ಎಳೆಯ ಉದ್ದ ನೋಡದೆ ಯಾವ ಮಾಲೂ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವುದಿಲ್ಲ. ಮಾವನಿಗೆ ಫಿಲ್ಮು ಎಂದರೇನೆಂದು ಗೊತ್ತಿರಲಿಲ್ಲ, ಅವನ ತಪ್ಪಿಲ್ಲ. ನನಗೆ ಮುಚ್ಚಳದ ಮೇಲಿನ ಕೆಂಪು ಶಾಯಿ ಓದಲು ಬರುತ್ತಿತ್ತು. ಓದಿದೆ ಕೂಡ. ಕತ್ತಲೆ ಕೋಣೆ ತಾನೆ ಬೇಕಾದದ್ದು? ಮಾವನ ಗೋದಾಮಿನಷ್ಟು ಕತ್ತಲೆ ಕೋಣೆ ಮದ್ರಾಸಿನಲ್ಲಿಯೂ ಇರಲಾರದು ಎಂದುಕೊಂಡೆ. ನಿಜವಾಗಿ ಹೇಳಬೇಕೆಂದರೆ ಮಾಲಿನ ದರ್ಜೆ ನನಗೆ ಬೇಕಿರಲಿಲ್ಲ. ಕ್ಲಾಪ್ ಹಿಡಿದು ಹಲ್ಲು ಬಿಟ್ಟ ನನ್ನ ಮುಖ ಹೇಗೆ ಬಂದಿದೆಯೆಂದು ನೋಡಬೇಕಿತ್ತು. ಅದನ್ನು ಹಮಾಲರಿಗೂ ತೋರಿಸಬೇಕಿತ್ತು.

ಪಟ್ಟಿಯನ್ನು ಹರಿಯದಂತೆ ನಾಜೂಕಾಗಿ ಬಿಡಿಸಿದೆ. ಅಷ್ಟು ನಾಜೂಕಾಗಿ ನಾನು ಜೀವನದಲ್ಲಿ ಬೇರೇನನ್ನೂ ಮಾಡಿಲ್ಲ. ಕಪ್ಪು ಕಾಗದ ಬಿಚ್ಚಿದೆ. ಫಿಲ್ಮಿನ ತುದಿ ಹಿಡಿದು ಎಳೆದೆ. ಕತ್ತಲಲ್ಲಿ ಕಾಣಲಿಲ್ಲ, ಬಾಗಿಲು ಒಂದು ಮೊಳ ಸರಿಸಿ ಬೆಳಕಿಗೆ ಹಿಡಿದೆ. ಚಿತ್ರವಿಲ್ಲ! ಬರೀ ಬೂದು ಬಣ್ಣದ ಪಟ್ಟಿ. ಒಂದು ಮಾರು ಎಳೆದೆ, ಎರಡು ಮಾರು ಎಳೆದೆ. ಗುಡಿಸಲಿಲ್ಲ, ಬೆಂಕಿಯಿಲ್ಲ, ನಾನಂತೂ ಇಲ್ಲವೇ ಇಲ್ಲ. ಹಳೆಯ ಅಭ್ಯಾಸ, ಬೆರಳುಗಳ ನಡುವೆ ತಿಕ್ಕಿಯೂ ನೋಡಿದೆ. ಅಷ್ಟರಲ್ಲಿ ಸುರುಳಿಯ ನಡುಭಾಗ ಜಾರಿ ಕೆಳಗೆ ಬಿತ್ತು. ನಾನೂರು ಅಡಿ ಫಿಲ್ಮು ಹತ್ತಿ ರಾಶಿಯ ಮೇಲೆ ದೊಡ್ಡ ಜಿಲೇಬಿಯಂತೆ ಬಿಚ್ಚಿಕೊಂಡಿತು.

"ಎಲ್ಲದೀರ್ರೀ ನೀವು ಇದ್ರಾಗ?" ಹಮಾಲ ಇಣುಕಿದ.

"ನನ್ನ ನೋಡಿ ನಾಚ್ಕಂಡು ಓಡಿಹೋಗೇತಿ ನೋಡು ಚಿತ್ರ" ಎಂದೆ. ಎಲ್ಲರೂ ನಕ್ಕರು. ನನಗೂ ಮದ್ರಾಸಿನವರ ಮೇಲೆ ಕನಿಕರ ಬಂತು. ಪಾಪ, ಎಂಟು ದಿನ ಗುಡಿಸಲು ಕಟ್ಟಿ, ಸುಟ್ಟು, ಒಂದು ಚಿತ್ರವನ್ನೂ ಹಿಡಿಯಲಾಗಿಲ್ಲ! ಪಾಪ ಆ ಸಹಾಯಕರು ಏನೋ ಮರೆತಿದ್ದಾರೆ. ಹೇಳಿದರೆ ಬೇಸರ ಮಾಡಿಕೊಂಡಾರು ಎಂದು, ಫಿಲ್ಮನ್ನು ಸುತ್ತಿ, ಅಂಟಿದ ಹತ್ತಿಯನ್ನು ಊದಿ, ಡಬ್ಬಿಗೆ ಹಾಕಿ, ಪಟ್ಟಿಯನ್ನು ಇದ್ದ ಹಾಗೇ ಕೂರಿಸಿದೆ. ಮ್ಯಾನೇಜರು ಸ್ಟೇಷನ್ನಿನಲ್ಲಿ ಡಬ್ಬಿಯನ್ನು ತಿರುಗಿಸಿ ಪಟ್ಟಿ ನೋಡಿ, "ಸರಿಯಾಗಿದೆ" ಎಂದರು.

ಸಂಜೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಸಹಾಯಕರನ್ನು ಕೇಳಿದೆ, ಸುಮ್ಮನೆ ಕೇಳಿದಂತೆ: "ಸಾರ್, ಡಬ್ಬಿಯೊಳಗಿನ ಫಿಲ್ಮ್‌ನಾಗ ಈಗ್ಲೇ ಚಿತ್ರ ಕಾಣ್ತೈತೇನ್ರಿ?"

"ಎಲ್ಲಿ ಕಾಣುತ್ತೆ? ಇರುತ್ತೆ, ಕಾಣಲ್ಲ. ಮದ್ರಾಸಲ್ಲಿ ಔಷಧಿಯಲ್ಲಿ ತೊಳೆದ ಮೇಲೆ ಕಾಣೋದು. ಅದಕ್ಕೆ ಮುಂಚೆ ಒಂದು ಗೆರೆ ಬೆಳಕು ಬಿದ್ರೂ ಮುಗೀತು. ಎಲ್ಲಾ ಅಳಿಸಿಹೋಗುತ್ತೆ."

"ಎಲ್ಲಾನಾ?"

"ಎಲ್ಲಾ. ಯಾಕೆ?"

"ಸುಮ್ನೆ ಕೇಳ್ದೆ ಸಾರ್."

ಮಿರ್ಚಿ ಗಂಟಲಲ್ಲಿ ನಿಂತಿತು. ಖಾರವೆಂದು ನಟಿಸಿ ನೀರು ಕುಡಿದೆ, ಕಣ್ಣೀರು ಒರೆಸಿಕೊಂಡೆ. ಎಲ್ಲರೂ "ದಾವಣಗೆರೆಯವನಿಗೇ ಮಿರ್ಚಿ ಖಾರ!" ಎಂದು ನಕ್ಕರು. ನಾನೂ ನಕ್ಕೆ. ಇಲ್ಲಿಂದ ಮುಂದಿನದೇ ನಾನು ಊರಲ್ಲಿ ಹೇಳದೆ ಬಿಟ್ಟ ಭಾಗ.

ಆ ಸಂಜೆಯೇ ಹೇಳಿದ್ದರೆ ಗುಡಿಸಲನ್ನು ಆಗಲೇ ಮತ್ತೆ ಕಟ್ಟಬಹುದಿತ್ತು. ನಂದಿಗುಡಿಯ ಮುದುಕ ಇನ್ನೂ ಹರಿಹರದಲ್ಲೇ ಇದ್ದ, ಉಳಿದ ಬಿದಿರು ಮರಳಿನ ಮೇಲೇ ಬಿದ್ದಿತ್ತು. ಹೇಳಲಿಲ್ಲ. ಒಂದು ವೇಳೆ ನಡುವಿನ ಸುತ್ತುಗಳಾದರೂ ಉಳಿದಿರಬಹುದು, ಗೋದಾಮಿನ ಬೆಳಕು ಬೆಳಕೇ ಅಲ್ಲ ಎಂದು ದಿನಕ್ಕೊಂದು ಸಮಾಧಾನ ಕಟ್ಟಿಕೊಂಡೆ. ಆ ನಾಲ್ಕು ದಿನ ನಾನು ಮಾಡಿದಷ್ಟು ತಮಾಷೆ ಎಂದೂ ಮಾಡಿಲ್ಲ. ನಗಿಸುವವನನ್ನು ಯಾರೂ ಅನುಮಾನಿಸುವುದಿಲ್ಲ.

ಐದನೇ ದಿನ ಬೆಳಿಗ್ಗೆ ಲಾಡ್ಜಿಗೆ ಮದ್ರಾಸಿನಿಂದ ಟ್ರಂಕ್ ಕಾಲ್ ಬಂತು. ಮ್ಯಾನೇಜರು ಫೋನಿಟ್ಟು ನೇರವಾಗಿ ಸಹಾಯಕರ ಮುಂದೆ ಬಂದು ನಿಂತರು.

"ಗುಡಿಸಲಿನ ರೀಲು ಪೂರ್ತಿ ಹೋಗಿದೆ ಕಣ್ರಿ. ಅಂಚಿಂದ ಅಂಚಿಗೆ ಬೆಳಕು ತಿಂದಿದೆಯಂತೆ. ಸಾಲದ್ದಕ್ಕೆ ಮೇಲೆಲ್ಲ ಹತ್ತಿ ನಾರು. ಈ ಊರಿನ ಗಾಳಿಯಲ್ಲೆಲ್ಲ ಹತ್ತಿ ಇದೆ, ನೀವು ಚೀಲ ಕೊಡವದೇನೆ ತುಂಬ್ತೀರಾ?"

"ಕೊಡವಿದ್ದೆ ಸಾರ್" ಎಂದರು ಸಹಾಯಕರು.

"ಡಬ್ಬಿ ಪಟ್ಟಿ ಸರಿಯಾಗಿತ್ತು. ನಾನೇ ನೋಡಿದ್ದೀನಿ. ಅಂದ್ಮೇಲೆ ತಪ್ಪು ಎಲ್ಲಾಯ್ತು?"

ನನ್ನ ಜೀವನದ ಏಕೈಕ ನಾಜೂಕು ಕೆಲಸ ಅವರ ಕೊರಳಿಗೆ ಬಿದ್ದಿತ್ತು. ಸಹಾಯಕರು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಏನನ್ನೋ ಕೈಯಲ್ಲಿ ಹಿಡಿದಿದ್ದು, ಅದು ಎಲ್ಲಿ ಬಿತ್ತೆಂದು ಗೊತ್ತಾಗದವರ ಹಾಗೆ.

ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಅವರು ನನ್ನನ್ನು ಕರೆದರು.

"ದಾವಣಗೆರೆ, ಸ್ವಲ್ಪ ಟಾರ್ಚ್ ಹಿಡೀತೀಯಾ?"

ಹೊಳೆ ದಂಡೆಯ ಮಂಟಪದ ಮೂಲೆಯಲ್ಲಿ ಕರಿ ಕಂಬಳಿಯ ಕೆಳಗೆ ಇಬ್ಬರೂ ಕೂತೆವು. ಖಾಲಿ ಮ್ಯಾಗಜೀನಿನೊಳಗೆ ಟಾರ್ಚ್ ಇಟ್ಟು, ಬಾಗಿಲು ಮುಚ್ಚಿ, ಎಲ್ಲಾದರೂ ಬೆಳಕಿನ ಗೆರೆ ಸೋರುತ್ತದೆಯೇ ಎಂದು ಅವರು ಅಂಚುಗಳನ್ನು ಹುಡುಕಿದರು. ಮ್ಯಾಗಜೀನುಗಳು ಮೂರು. ಮೂರೂ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಆಮೇಲೆ ಚೀಲದೊಳಗೆ ಟಾರ್ಚು, ಹೊಲಿಗೆ ಹೊಲಿಗೆಗೂ. ಕಂಬಳಿಯೊಳಗೆ ಬೆವರಿನ ವಾಸನೆ, ಉಸಿರಿನ ಬಿಸಿ. ಇಲ್ಲದ ತೂತನ್ನು ಅವರು ಹುಡುಕುತ್ತಿದ್ದರು. ಅದು ಇಲ್ಲವೆಂದು ಗೊತ್ತಿದ್ದವನು ಪಕ್ಕದಲ್ಲಿ ಕೂತು, "ಈ ಕಡೆ ನೋಡ್ರಿ ಸಾರ್, ಇಲ್ಲಿ ಸ್ವಲ್ಪ ಕಂಡಂಗಾತು" ಎನ್ನುತ್ತಿದ್ದ. ಹೌದು, ಹಾಗೆಂದೆ. ಒಮ್ಮೆಯಲ್ಲ, ಎರಡು ಸಲ ಹಾಗೆಂದೆ. ಇದರಲ್ಲಿ ಉತ್ಪ್ರೇಕ್ಷೆ ಇದ್ದಿದ್ದರೆ ಚೆನ್ನಾಗಿತ್ತು.

"ಇಲ್ಲ ಕಣಪ್ಪ, ಇಲ್ಲೂ ಇಲ್ಲ" ಎಂದು ಕೊನೆಗೆ ಕಂಬಳಿ ಸರಿಸಿದರು. "ನನ್ನ ಕೈಯೇ ತಪ್ಪಿರಬೇಕು. ಮುಚ್ಚಿದೆ ಅಂದ್ಕೊಂಡಿದ್ದೀನಿ, ಮುಚ್ಚಿರಲಿಲ್ಲವೇನೋ."

ಮರುದಿನ ಸಂಜೆ ಮ್ಯಾನೇಜರು ತೀರ್ಮಾನ ಹೇಳಿದರು. ಮದ್ರಾಸಿನಿಂದ ಬೇರೆ ಸಹಾಯಕ ಬರುತ್ತಾನೆ, ಇವರು ನಾಳೆ ಮಧ್ಯಾಹ್ನದ ರೈಲಿಗೆ ಹೊರಡಬೇಕು. ಮುಂದಿನ ಚಿತ್ರದ ಮಾತನ್ನು ಯಾರೂ ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಅಡುಗೆಯವನು ಆ ದಿನ ಅವರಿಗೆ ಬಡಿಸುವಾಗ "ಕ್ಯಾಮೆರಾಮನ್ ಸಾರ್" ಎನ್ನಲಿಲ್ಲ. "ನಾಳೆ ಅವರ ಟ್ರಂಕು ಹೊತ್ತು ಸ್ಟೇಷನ್ನಿಗೆ ಬಿಟ್ಟು ಬಾ" ಎಂದು ಮ್ಯಾನೇಜರು ನನಗೆ ಹೇಳಿದರು. "ದಾರಿ ಗೊತ್ತಲ್ಲ ನಿನಗೆ?"

ದಾರಿ ಚೆನ್ನಾಗಿ ಗೊತ್ತಿತ್ತು. ಮಾವನ ಅಂಗಡಿಯ ಮುಂದೆಯೇ ಹೋಗುತ್ತದೆ.

ಬೆಳಿಗ್ಗೆ ಸಹಾಯಕರು ಹರಿಹರಕ್ಕೆ ಬಂದರು, ಸಾಮಾನು ಒಪ್ಪಿಸಲು. ಕೊನೆಯದಾಗಿ ಒಂದು ಮ್ಯಾಗಜೀನು ತುಂಬಿಕೊಟ್ಟರು. ಚೀಲದೊಳಗೆ ಅವರ ಕೈ ಎಷ್ಟು ಹೊತ್ತಾದರೂ ಹೊರಬರಲಿಲ್ಲ. ವ್ಯಾನಿನಲ್ಲಿ ಜೊತೆಗೇ ತಂದಿದ್ದ ಅವರ ಟ್ರಂಕು ನನ್ನ ಕಾಲ ಬಳಿಯಿತ್ತು. ಮಂಟಪದ ಮೆಟ್ಟಿಲ ಮೇಲೆ ನಾಯಕನಟರು ನಿಂತಿದ್ದರು. ಹಿರಿಯ ಛಾಯಾಗ್ರಾಹಕರು ಕ್ಯಾಮೆರಾದ ಹಿಂದೆ ಬಗ್ಗಿದರು. ನಿರ್ದೇಶಕರು "ಸೈಲೆನ್ಸ್" ಎಂದರು.

ಎಲ್ಲ ಸುಮ್ಮನಾಯಿತು. ಕ್ಯಾಮೆರಾ ಇನ್ನೂ ಓಡಿರಲಿಲ್ಲ. ಓಡುವುದಕ್ಕೆ ಮುಂಚೆ ಹೇಳು ಎಂದವರು ಹತ್ತು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತಿದ್ದರು.

"ಗುಡಿಸ್ಲಿನ ಡಬ್ಬಿ ತೆಗ್ದೋನು ನಾನು" ಎಂದೆ. "ನಮ್ ಮಾವನ ಹತ್ತಿ ಗೋದಾಮ್‌ನಾಗ. ನನ್ ಮುಖ ನೋಡ್ಬೇಕಂತ."

ಒಂದು ಕ್ಷಣ ಬಿಟ್ಟು ಇಡೀ ತಂಡ ಗೊಳ್ಳೆಂದು ನಕ್ಕಿತು. ದಾವಣಗೆರೆ ಮತ್ತೆ ಸೈಲೆನ್ಸ್ ಮುರಿದ! ನಾಯಕರು ಹೊಟ್ಟೆ ಹಿಡಿದುಕೊಂಡರು. ಮೇಕಪ್ಪಿನವನು ಪಕ್ಕದವನ ಬೆನ್ನಿಗೆ ಬಡಿದ. ನನ್ನ ಜೀವನದಲ್ಲೇ ಅದು ಅತಿ ದೊಡ್ಡ ನಗೆ. ದೇವರೇ, ಒಂದು ಸಲ ಇವರು ನಗದಿರಲಿ ಎಂದು ಬೇಡಿಕೊಂಡೆ.

ನಗದಿದ್ದವರು ಒಬ್ಬರೇ. ಸಹಾಯಕರು ನನ್ನ ಕಡೆಗೆ ನೋಡುತ್ತಿದ್ದರು.

"ತಮಾಷೆ ಅಲ್ರಿ" ಎಂದೆ. "ಪಟ್ಟಿ ಬಿಡಿಸಿ ತಿರುಗಿ ಅಂಟಿಸ್ದೆ. ಹತ್ತಿ ನಾರು ಆ ಗೋದಾಮಿಂದು. ಸಾರ್ದು ಏನೂ ತಪ್ಪಿಲ್ಲ."

ನಗು ಅಲ್ಲೊಂದು ಇಲ್ಲೊಂದು ಕಡಿಮೆಯಾಗಿ ನಿಂತಿತು. ಹಿರಿಯ ಛಾಯಾಗ್ರಾಹಕರು ತಲೆ ಮೇಲೆತ್ತಿದರು. ಮದ್ರಾಸಿನವರು, ಕನ್ನಡ ಸ್ವಲ್ಪವೇ ಬರುತ್ತಿತ್ತು.

"ತಪ್ಪು ಅಂತ ನಿನಗೆ ಯಾವಾಗ ಗೊತ್ತು?"

"ಅವತ್ತೇ ಸಂಜಿಕೆ ಸಾರ್."

"ಎಷ್ಟು ದಿನ?"

"ಆರು ದಿನ ಸಾರ್."

"ಆರು ದಿನ" ಎಂದರು. ಅಷ್ಟೇ. ಮತ್ತೆ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ಸಹಾಯಕರಿಗೆ ಕೈಸನ್ನೆ ಮಾಡಿದರು, ದೂರ ಅಳೆಯಲು ಬಾ ಎಂದು. ಸಹಾಯಕರು ಟೇಪು ತೆಗೆದುಕೊಂಡು ಹೋದರು. ಟ್ರಂಕು ಅಲ್ಲೇ ಉಳಿಯಿತು.

ಬೈಗುಳವೆಲ್ಲ ಮ್ಯಾನೇಜರಿಂದ ಬಂತು. ಹೊಳೆಯಾಚೆಯ ಕುರಿಗಳು ಆವತ್ತೂ ತಲೆಯೆತ್ತಿದವು. ನನ್ನನ್ನು ಕ್ಯಾಮೆರಾದಿಂದ ಮೂವತ್ತು ಹೆಜ್ಜೆ ದೂರ ಇಟ್ಟರು. ಗುಡಿಸಲು ಮತ್ತೆ ಕಟ್ಟುವ ಕೆಲಸಕ್ಕೆ ಹಚ್ಚಿದರು. ವಿಷಯ ಕೇಳಿದ ಮಾವ ಬೈಯಲಿಲ್ಲ. "ನೋಡಿ ಕಳ್ಸು ಅಂದೋನು ನಾನಲ್ಲೇನಲೇ" ಎಂದು ತನ್ನ ಗಾಡಿ, ಎತ್ತು ಕಳಿಸಿದ. ನಂದಿಗುಡಿಯಿಂದ ಹುಲ್ಲು ಹೇರಿಕೊಂಡು ಬಂದೆ, ಹೊರೆ ಹೊತ್ತೆ, ಕಟ್ಟು ಬಿಗಿದೆ. ಮುದುಕ ಚಾವಣಿಯ ಮೇಲಿಂದ ಕೇಳಿದ:

"ತಮ್ಮಾ, ಮೊನ್ನೆ ಸುಟ್ರಲ್ಲ, ಚಲೋ ಸುಡ್ಲಿಲ್ಲೇನು?"

"ಚಲೋ ಸುಟ್ಟಿತ್ತು ತಾತ. ಸುಟ್ಟಿದ್ದನ್ನ ನಾ ಸುಟ್ಟೆ."

"ಅದೆಂಗೆ?"

ಹೇಳಿದೆ. ಅವನು ನಗಲಿಲ್ಲ. ಕೈಯಲ್ಲಿದ್ದ ಹುಲ್ಲಿನ ಹಿಡಿಯನ್ನು ಸ್ವಲ್ಪ ಜೋರಾಗಿಯೇ ಒತ್ತಿ ಕಟ್ಟಿದ.

ಎಂಟು ದಿನದ ಮೇಲೆ ಗುಡಿಸಲು ಮತ್ತೊಮ್ಮೆ ಉರಿಯಿತು. ನಾನು ನೀರಿನ ಕೊಡಗಳ ಹತ್ತಿರ, ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತಿದ್ದೆ. ಈ ಸಲ ಡಬ್ಬಿಯನ್ನು ಸಹಾಯಕರೇ ಸ್ಟೇಷನ್ನಿಗೆ ಒಯ್ದರು. ನಾಲ್ಕು ದಿನ ಬಿಟ್ಟು ಫೋನು ಬಂತು. ಬೆಂಕಿ, ಹೊಳೆ ಎಲ್ಲ ಚೆನ್ನಾಗಿ ಬಂದಿವೆಯೆಂದರು. ಅಡುಗೆಯವನು ಮತ್ತೆ "ಕ್ಯಾಮೆರಾಮನ್ ಸಾರ್" ಎಂದ.

ತಂಡ ಹೊರಡುವ ದಿನ ನಾನು ಅವರ ಟ್ರಂಕು ಹೊತ್ತು ಸ್ಟೇಷನ್ನಿಗೆ ಹೋದೆ. ಅವರು ಬೇಡವೆಂದರು, ಆದರೂ ಹೊತ್ತೆ. ರೈಲು ಬರುವವರೆಗೂ ಇಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಒಂದು ತಮಾಷೆ ತುದಿನಾಲಿಗೆಗೆ ಬಂತು, ನುಂಗಿದೆ.

"ಸಾರ್, ಆ ಕಂಬಳಿಯೊಳಗೇ ಹೇಳ್ಬೇಕಿತ್ತು" ಎಂದೆ. "ತಪ್ಪಾತು."

ಅವರು ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ಫಿಲ್ಮು ಮತ್ತೆ ಬಂತು. ಗುಡಿಸಲೂ ಮತ್ತೆ ಬಂತು. ಅದನ್ನ ಬಿಟ್ಬಿಡು" ಎಂದರು. "ಆದ್ರೆ ನಿನ್ನೆ ಮ್ಯಾಗಜೀನು ಮುಚ್ಚಿ ಮೂರು ಸಲ ಸವರಿ ನೋಡ್ದೆ ಕಣಪ್ಪ. ಆಮೇಲೂ ಕೈ ಹೊರಗೆ ತೆಗೆಯೋಕೆ ಧೈರ್ಯ ಬರಲಿಲ್ಲ."